ಇಂಜಿನ್ ಕೆಲಸ ಆದಮೇಲೆ ಸ್ಟಾರ್ಟ್ ಆಗದ ಹಳೇ ಕಾರು: ಮನೆಗೇ ಬಂದ ಮೆಕ್ಯಾನಿಕ್ ಸರ್ವೀಸ್ ಹೇಗಿತ್ತು

ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ಗ್ಯಾರೇಜಿನವರು ನಮ್ಮ ಹಳೇ ಕಾರ್ಬ್ಯುರೇಟರ್ ಕಾರನ್ನು ಟೋ ಮಾಡಿಯೇ ವಾಪಸ್ ಕಳಿಸಿದರು. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ನನಗೆ ನಂಬಿಕೆ ಬರಲಿಲ್ಲ. ಸೆಲ್ಫ್ ಚೆನ್ನಾಗೇ ತಿರುಗುತ್ತಿತ್ತು ಅಲ್ವಾ? ಅದಕ್ಕೇ ಮನೆಗೇ ಬಂದು ನೋಡುವ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ.

ಬಂದವರೇ ಸುಮ್ನೆ ಪಾರ್ಟು ಬಿಚ್ಚಲಿಲ್ಲ, ಅದೇ ನನಗೆ ಜಾಸ್ತಿ ಇಷ್ಟವಾಗಿದ್ದು. ಮೊದಲು ಮೀಟರ್ ಹಿಡಿದರು. ಬ್ಯಾಟರಿ 12.6 ವೋಲ್ಟ್, ಸೆಲ್ಫ್ ಹೊಡೆದಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಲ್ಲಿಗೆ ಬ್ಯಾಟರಿ ಕತೆ ಮುಗಿಯಿತು. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಿಂದ ಒದ್ದೆ, ಸ್ಪಾರ್ಕೂ ಬರುತ್ತಿದೆ, ಆದರೆ ಸೆಲ್ಫ್ ಹೊಡೆದಾಗಲೆಲ್ಲ ಕಾರ್ಬ್ಯುರೇಟರ್ ಕಡೆಯಿಂದ ಫಟ್ ಅಂತ ವಾಪಸ್ ಹೊಡೆಯುತ್ತಿದೆ. ಆ ಸದ್ದು ಕೇಳುತ್ತಲೇ 'ಟೈಮಿಂಗ್' ಅಂದರು, ಅಂದರೆ ಸ್ಪಾರ್ಕ್ ತಪ್ಪು ಹೊತ್ತಿಗೆ ಬರುತ್ತಿದೆ ಅಂತ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ, ಸ್ಪ್ಯಾನರ್ ಹಾಕಿ ಇಂಜಿನ್ನನ್ನು ನಿಧಾನ ತಿರುಗಿಸಿದರು. ಗಾಳಿ ಬೆರಳನ್ನು ಹೊರಗೆ ತಳ್ಳಿತು, ಪುಲ್ಲಿ ಗುರುತೂ ಸರಿಯಾಗಿ ಕೂತಿತು, ಅಂದರೆ ಸ್ಪಾರ್ಕ್ ಒಂದನೇ ಸಿಲಿಂಡರಿಗೇ ಹೋಗಬೇಕಾದ ಹೊತ್ತು. ಆದರೆ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ) ಒಳಗೆ ತಿರುಗುವ ರೋಟರ್ ಮುಖ ಮಾಡಿದ್ದು ನಾಲ್ಕನೇ ಸಿಲಿಂಡರಿನ ಕಡೆ! ಗ್ಯಾರೇಜಿನವರು ಡಿಸ್ಟ್ರಿಬ್ಯೂಟರನ್ನು ಪೂರ್ತಿ 180 ಡಿಗ್ರಿ ಉಲ್ಟಾ ಕೂರಿಸಿದ್ದರು. ಅದಕ್ಕೆ ಹೊಸ ಬ್ಯಾಟರಿ ಬೇಕಂತೆ.

ತೆಗೆದು ಸರಿಯಾಗಿ ಕೂರಿಸಿ, ಪ್ಲಗ್‌ಗಳನ್ನು ಒಣಗಿಸಿ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಹದ ಮಾಡಿದರು.

ಬೇಜಾರಿನ ವಿಷಯ ಅಂದರೆ ಹೇಳಿದ ಹೊತ್ತಿಗೆ ಬರಲ್ಲ, ಫೋನೂ ಬೇಗ ಎತ್ತಲ್ಲ. ಡಿಸ್ಟ್ರಿಬ್ಯೂಟರ್ ಇರುವ ಹಳೇ ಗಾಡಿಯಾದರೆ ಕಣ್ಣು ಮುಚ್ಚಿ ಕರೆಸಿ. ಇಂಜೆಕ್ಷನ್ ಗಾಡಿಗೆ ಬೇಡ, ಅದರ ಕಂಪ್ಯೂಟರ್ ಓದುವ ಸ್ಕ್ಯಾನರ್ ಇವರ ಹತ್ತಿರ ಇಲ್ಲ.