ಲಿಗಮೆಂಟ್ ಸಹಿತ ಭುಜದ ಕೀಲಿನ ಮಾದರಿ: ಕೊಳ್ಳುವ ಮುನ್ನ ತಿರುಗಿಸಿ ನೋಡಿ

ಫಿಸಿಯೋಥೆರಪಿ ತರಗತಿಗೆಂದು ಮಾರುವ ನಿಜ ಗಾತ್ರದ ಪಿವಿಸಿ ಮಾದರಿ ಇದು. ಸ್ಟ್ಯಾಂಡಿನ ಮೇಲೆ ಹೆಗಲಿನ ಮೂಳೆ, ಕಾಲರ್ ಬೋನ್, ತೋಳಿನ ಮೂಳೆಯ ಮೇಲರ್ಧ. ನಡುವೆ ರಬ್ಬರ್ ಪಟ್ಟಿಯ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಕಟ್ಟುಗಳು.

ಮೂಳೆಗಳ ಕೆಲಸ ಅಚ್ಚುಕಟ್ಟಾಗಿದೆ. ತೋಳಿನ ಮೂಳೆಯ ಮೇಲ್ತುದಿಯ ಗುಂಡು ದೊಡ್ಡದು, ಅದು ಕೂರುವ ಬಟ್ಟಲು ತಟ್ಟೆಯಷ್ಟೇ ಆಳ. ಗುಂಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮಾತ್ರ ಬಟ್ಟಲಿಗೆ ತಾಗುತ್ತದೆ ಎಂಬುದು ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಬಟ್ಟಲಿನ ಅಂಚನ್ನು ಎತ್ತರಿಸುವ ಲೇಬ್ರಮ್ ಉಂಗುರವನ್ನು ಬರೀ ಬಣ್ಣದ ಗೆರೆಯಾಗಿ ಬಳಿದಿದ್ದಾರೆ. ಇದು ದೊಡ್ಡ ಕೊರತೆ. ಲಿಗಮೆಂಟುಗಳು ಅಂಟಿಕೊಳ್ಳುವುದೇ ಆ ಉಂಗುರಕ್ಕೆ. ಭುಜ ಮುಂದಕ್ಕೆ ಜಾರಿದಾಗ ಸಾಮಾನ್ಯವಾಗಿ ಕಿತ್ತು ಬರುವುದೂ ಅದರ ಮುಂಭಾಗದ ಕೆಳ ಅಂಚೇ.

ಇನ್ನು ಪಟ್ಟಿಗಳು. ಮೊದಲು ತೋಳನ್ನು ಇಳಿಬಿಟ್ಟು ಹೊರಕ್ಕೆ ತಿರುಗಿಸಿ: ಮೇಲಿನ ಪಟ್ಟಿ ಬಿಗಿಯಬೇಕು. ಪಕ್ಕಕ್ಕೆ 45 ಡಿಗ್ರಿ ಎತ್ತಿ ಹಾಗೆಯೇ ತಿರುಗಿಸಿದರೆ ನಡುವಿನ ಪಟ್ಟಿಯ ಸರದಿ. ಎರಡೂ ಸರಿಯಾಗಿವೆ. 90 ಡಿಗ್ರಿಗೆ ಎತ್ತಿ ಹೊರಕ್ಕೆ ತಿರುಗಿಸುವುದು, ಅಂದರೆ ಬೌಂಡರಿಯಿಂದ ಚೆಂಡೆಸೆಯಲು ಫೀಲ್ಡರ್ ಕೈಯನ್ನು ಹಿಂದಕ್ಕೆಳೆದ ಭಂಗಿ, ನಿಜವಾದ ಪರೀಕ್ಷೆ. ಗುಂಡು ಮುಂದಕ್ಕೆ ಹಾರದಂತೆ ಆಗ ತಡೆಯುವುದು ಕೆಳಗಿನ ಲಿಗಮೆಂಟಿನ ಮುಂದಿನ ಎಳೆ. ಒಳಕ್ಕೆ ತಿರುಗಿಸಿದರೆ ಹಿಂದಿನ ಎಳೆ ಬಿಗಿಯುತ್ತದೆ. ದೇಹದಲ್ಲಿ ಈ ಎರಡು ಎಳೆಗಳ ನಡುವಿನ ಭಾಗ ಜೋಲಿಯ ಹಾಗೆ ತೂಗುತ್ತದೆ. ತೋಳು ಇಳಿದಿದ್ದಾಗ ಸಡಿಲ, ಎತ್ತಿದಾಗ ಗುಂಡಿಗೆ ಕೆಳಗಿನಿಂದ ಆಸರೆ. ಮಾದರಿಯಲ್ಲಿ ಈ ಕೆಳಗಿನ ಲಿಗಮೆಂಟಿಗೆ ಕೊಟ್ಟಿರುವುದು ಒಂದೇ ಪಟ್ಟಿ, ಅದೂ ಮುಂಭಾಗದಲ್ಲಿ. ಹಿಂದಿನದನ್ನು ತೋರಿಸಲು 1 ಸೆಂ.ಮೀ. ಅಗಲದ ಬಟ್ಟೆಯ ಲಾಡಿಯನ್ನು ಬಟ್ಟಲಿನ ಹಿಂಬದಿಯ ಕೆಳ ಅಂಚಿನಿಂದ ತೋಳುಮೂಳೆಯ ಕುತ್ತಿಗೆಗೆ, ಅಂದರೆ ಗುಂಡಿನ ಬುಡಕ್ಕೆ, ಅಂಟಿಸಿಕೊಳ್ಳಿ. ತೋಳು ಇಳಿದಿರುವಾಗ ಲಾಡಿ ಜೋತುಬೀಳುವಷ್ಟು ಉದ್ದವಿರಲಿ.

ಅದಕ್ಕಿಂತ ಗಂಭೀರ ದೋಷ ಇನ್ನೊಂದಿದೆ: ಗುಂಡು ಕೆಳಗೆ ಬೀಳದಿರಲೆಂದು ಎಲ್ಲ ಪಟ್ಟಿಗಳನ್ನೂ ಸದಾ ಎಳೆದು ಕಟ್ಟಿದ್ದಾರೆ. ಕೀಲನ್ನು ಲಿಗಮೆಂಟುಗಳೇ ಎಲ್ಲ ಹೊತ್ತಿನಲ್ಲೂ ಹಿಡಿದಿರುತ್ತವೆ ಎಂದು ವಿದ್ಯಾರ್ಥಿ ತಪ್ಪು ತಿಳಿಯುವುದು ಖಂಡಿತ. ನಿಜದಲ್ಲಿ ಚಲನೆಯ ನಡುಭಾಗದಲ್ಲಿ ಅವು ಸಡಿಲವಾಗಿರುತ್ತವೆ, ಗುಂಡನ್ನು ಬಟ್ಟಲಿಗೆ ಒತ್ತಿ ಹಿಡಿಯುವುದು ಅದನ್ನು ಸುತ್ತುವರಿದ ರೊಟೇಟರ್ ಕಫ್ ಎಂಬ ಗುಂಪಿನ ನಾಲ್ಕು ಸ್ನಾಯುಗಳು. ಲಿಗಮೆಂಟು ಬಿಗಿದು ತಡೆಯುವುದು ಚಲನೆಯ ಕೊನೆಯಲ್ಲಿ. ಆದ್ದರಿಂದ ಗುಂಡನ್ನು ಒಳಗಿನ ಎಲಾಸ್ಟಿಕ್ ದಾರ ಹಿಡಿದಿರುವ, ಪಟ್ಟಿಗಳು ಸಡಿಲವಿರುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ.

ಬಾಳಿಕೆಯ ಮಾತು: ಪಟ್ಟಿಗಳನ್ನು ಬರೀ ಅಂಟಿನಿಂದ ಕೂರಿಸಿದ್ದಾರೆ. ಮೊದಲು ಕಿತ್ತುಬರುವುದು ತೋಳಿನ ತುದಿಯೇ. ಅಲ್ಲಿ ವಾಷರ್ ಹಾಕಿದ ಸಣ್ಣ ಸ್ಕ್ರೂ ಬಿಗಿಸಿಬಿಡಿ. ಬಿಸಿಲಿಗೆ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ, ಕಿಟಕಿ ಪಕ್ಕ ಬೇಡ. ತೋಳನ್ನು ಎತ್ತಿದ ಸ್ಥಿತಿಯಲ್ಲಿ ಬಿಟ್ಟು ಹೋಗಲೂಬೇಡಿ, ಕೆಳಗಿನ ಪಟ್ಟಿ ಹಿಗ್ಗಿಹೋಗುತ್ತದೆ.