ಪಾಚಿಗೆ ಬರಿ ಗಾಳಿಯೋ, ಸಿಲಿಂಡರ್ ಗ್ಯಾಸೋ?

ಕ್ಲೋರೆಲ್ಲಾ ಎಂಬ ಸೂಕ್ಷ್ಮ ಹಸಿರು ಪಾಚಿ ಬೆಳೆಸಲು ಬರಿ ಗಾಳಿ ಪಂಪ್ ಸಾಕೇ, ಇಲ್ಲ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕೇ?

ಗಾಳಿಯಲ್ಲಿ ಈ ಅನಿಲ ಇರುವುದು ಸುಮಾರು 0.04% ಅಷ್ಟೇ. ಹಾಗಾಗಿ ಪಾಚಿಯು ನೀರಿನಲ್ಲಿರುವ ಬೈಕಾರ್ಬೊನೇಟನ್ನು (ಈ ಅನಿಲ ನೀರಲ್ಲಿ ಕರಗಿದಾಗ ಆಗುವ ರೂಪ) ಶಕ್ತಿ ಖರ್ಚು ಮಾಡಿ ಒಳಗೆಳೆದುಕೊಳ್ಳುತ್ತದೆ. ಜೀವಕೋಶದೊಳಗೆ ಈ ಅನಿಲವನ್ನು ಹಿಡಿದು ಬಳಸುವ ಪೈರಿನಾಯ್ಡ್ ಅನ್ನೋ ಪುಟ್ಟ ಉಂಡೆಯ ಸುತ್ತ ಪಿಷ್ಟದ ಕವಚ ಕಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡುವುದೇ ಒಂದು ಖುಷಿ!

ಗಾಳಿಗೆ 2% ಗ್ಯಾಸ್ ಬೆರೆಸಿದರೆ ಆ ಎಳೆದಾಟ ಬಹುಪಾಲು ನಿಲ್ಲುತ್ತದೆ. ಉಳಿದ ಶಕ್ತಿ ಬೆಳವಣಿಗೆಗೆ ಹೋಗುತ್ತದೆ. ಬೆಳಕು ಚೆನ್ನಾಗಿದ್ದರೆ ಪಿಷ್ಟವೂ ಜಾಸ್ತಿ ಕೂಡಬಹುದು. ಎಣ್ಣೆ ಬೇಕಿದ್ದರೆ ಗ್ಯಾಸ್ ಒಂದೇ ಸಾಲದು, ಸಾರಜನಕ ಕಡಿಮೆ ಮಾಡಬೇಕು. ಸುಮ್ನೆ ಅತಿಯಾಗಿ ಬಿಟ್ಟರೆ ನೀರು ಹುಳಿಯಾಗಿ ಬೆಳವಣಿಗೆ ಕುಗ್ಗುತ್ತದೆ.

ಮನೆಯ ಬಾಟಲಿಗೆ ಪಂಪ್ ಸಾಕು. ಎಣ್ಣೆ, ಪಿಷ್ಟಕ್ಕಾಗಿ ಬೆಳೆಸುವವರು ಸಿಲಿಂಡರ್ ತಗೊಳ್ಳಿ, ನೀರಿನ ಹುಳಿ ಅಳೆಯುವ ಪಿಎಚ್ ಮೀಟರ್ ಜೊತೆಗೆ. ಗ್ಯಾಸ್ ಕೋಣೆಯಲ್ಲಿ ತುಂಬದಂತೆ ಕಿಟಕಿ ಮಾತ್ರ ತೆರೆದಿಡಿ.