ಅಡಿಕೆ ಹಾಳೆಯ ಘೇಂಡಾಮೃಗ

ಸಾಗರದಿಂದ ಹೆಗ್ಗೋಡಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಒಂದು ತೋಟ ದಾಟಿದರೆ, ಹಾಳೆ ತಟ್ಟೆ ಮಾಡುವ ಶೆಡ್ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಮದುವೆ, ಗೃಹಪ್ರವೇಶಕ್ಕೆ ತಟ್ಟೆ ಕೊಡುವುದು ಅವರ ಕಸುಬು. ನಾವು ಅವರ ಹತ್ತಿರ ಮಾಡಿಸಿದ್ದು 14 ಘೇಂಡಾಮೃಗದ ತಲೆ.

ನಮ್ಮ ಹವ್ಯಾಸಿ ತಂಡ ಈ ಸಲ ಫ್ರೆಂಚ್ ನಾಟಕಕಾರ ಅಯೊನೆಸ್ಕೊನ ‘ರೈನೋಸೆರಸ್’ ನಾಟಕ ಎತ್ತಿಕೊಂಡಿತ್ತು. 1959ರಲ್ಲಿ ಜರ್ಮನಿಯಲ್ಲಿ ಮೊದಲು ರಂಗಕ್ಕೆ ಬಂದ ನಾಟಕ. ಒಂದು ಸಣ್ಣ ಊರು, ಭಾನುವಾರದ ಹಗಲು. ಬೀದಿಯಲ್ಲಿ ಘೇಂಡಾಮೃಗ ಓಡುತ್ತದೆ. ಜನ ಅದಕ್ಕೆ ಕೊಂಬು ಒಂದೋ ಎರಡೋ ಅಂತ ಜಗಳಕ್ಕೆ ನಿಲ್ಲುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಾವೇ ಘೇಂಡಾಮೃಗ ಆಗುತ್ತಾ ಹೋಗುತ್ತಾರೆ. ಮನುಷ್ಯನಾಗಿ ಉಳಿಯುವವನು ಬೆರಾಂಜೆ ಒಬ್ಬನೇ. ಅಯೊನೆಸ್ಕೊ 1930ರ ದಶಕದಲ್ಲಿ ರುಮೇನಿಯಾದಲ್ಲಿದ್ದಾಗ ಪರಿಚಯದವರೇ ಫ್ಯಾಸಿಸ್ಟರ ಕಡೆ ವಾಲುವುದನ್ನು ಕಣ್ಣಾರೆ ಕಂಡಿದ್ದ. ನಾಟಕ ಹುಟ್ಟಿದ್ದು ಆ ಹೆದರಿಕೆಯಿಂದ.

ಮೊದಲು ಬೇರೆ ಕಡೆ ಥರ್ಮೋಕೋಲ್ ತಲೆ ಮಾಡಿಸಿದ್ದೆವು. ಎರಡನೇ ತಾಲೀಮಿಗೇ ಕೊಂಬು ಮುರಿಯಿತು. ನಾನು ಹೈಸ್ಕೂಲ್ ಮೇಷ್ಟ್ರು, ತಂಡದ ಪರಿಕರದ ಕೆಲಸ ನನ್ನದು. ತೋಟದಲ್ಲಿ ಬಿದ್ದ ಹಾಳೆ ನೋಡುವಾಗ ಹೊಳೆಯಿತು. ಆ ಗೀರು, ಆ ಮಡಿಕೆ, ಥೇಟ್ ಆ ಪ್ರಾಣಿಯ ಚರ್ಮವೇ ಅಲ್ವಾ?

ಯಜಮಾನ್ರು ತಟ್ಟೆಯ ಅಚ್ಚು ಬಿಟ್ಟು ಮಣ್ಣಿನಲ್ಲಿ ಒಂದು ತಲೆ ಮಾಡಿದರು. ನೆನೆಸಿ ಮೆತ್ತಗಾದ ಹಾಳೆಯನ್ನು ಅದರ ಮೇಲೆ ಹೊದಿಸಿ, ಹಗ್ಗದಲ್ಲಿ ಬಿಗಿದು ಒಣಗಿಸಿದರು. ಬುಡದ ದಪ್ಪ ಭಾಗ ಸುರುಳಿ ಸುತ್ತಿದರೆ ಕೊಂಬು. ನಾಟಕದ ಜಗಳ ನೆನಪಿಟ್ಟುಕೊಂಡು ಏಳಕ್ಕೆ ಒಂದು ಕೊಂಬು, ಏಳಕ್ಕೆ ಎರಡು ಹಾಕಿಸಿದೆವು.

ನಾನು ಮೊದಲು ಕೇಳಿದ್ದು ಭಯಂಕರ ಮುಖ. ಹಲ್ಲು, ಕೆಂಪು ಕಣ್ಣು, ಎಲ್ಲ ಬರೆದುಕೊಂಡು ಹೋಗಿದ್ದೆ. ಅವರು ಕಥೆ ಹೇಳಿಸಿಕೊಂಡು ಕೇಳಿದರು: “ಮೇಷ್ಟ್ರೇ, ಇಷ್ಟು ಕೆಟ್ಟದಾಗಿ ಕಂಡ್ರೆ ಊರವರೆಲ್ಲ ಯಾಕೆ ಅದೇ ಆಗೋಕೆ ಹೋಗ್ತಾರೆ?”

ಆ ರಾತ್ರಿ ಕೂತು ಕೊನೆಯ ಅಂಕ ಮತ್ತೆ ಓದಿದೆ. ಅಲ್ಲೇ ಇದೆ. ಹಿಂದಿನ ಗೋಡೆಯ ತುಂಬಾ ಕಾಣುವ ತಲೆಗಳು ಬರಬರುತ್ತಾ ಚೆಂದ ಆಗಬೇಕು ಅಂತ ನಾಟಕಕಾರನೇ ಸೂಚನೆ ಬರೆದಿದ್ದಾನೆ. ಬೆರಾಂಜೆ ಕೊನೆಗೆ ತನ್ನ ಮುಖವೇ ವಿಕಾರ ಅಂದುಕೊಂಡು ತನಗೂ ಕೊಂಬು ಬರಲಿ ಅಂತ ಆಸೆಪಡುತ್ತಾನೆ. ಎಷ್ಟು ಸಲ ಓದಿದ್ದೆ, ಈ ಸೂಚನೆಗೆ ಬೆಲೆಯೇ ಕೊಟ್ಟಿರಲಿಲ್ಲ. ಬೆಳಿಗ್ಗೆ ಹೋಗಿ ಹಲ್ಲು, ಕೆಂಪು ಬಣ್ಣ ಎಲ್ಲ ಬೇಡ ಅಂದೆ. ಅವರ ಹೆಂಡತಿ ಪ್ರತಿ ತಲೆಯನ್ನೂ ಉಜ್ಜಿ ನುಣುಪು ಮಾಡಿ, ತೆಂಗಿನೆಣ್ಣೆ ಸವರಿ ಕೊಟ್ಟರು. ಬೆರಾಂಜೆಯ ಗೆಳೆಯ ಝಾನ್‌ನ ಪಾತ್ರ ನೋಡುಗರ ಎದುರೇ ಘೇಂಡಾಮೃಗ ಆಗುತ್ತದೆ. ಅವನ ಹಣೆಯ ಉಬ್ಬಿಗೂ ಒಂದು ತುಂಡು ಹಾಳೆ ಮಾಡಿಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ತೊಂದರೆಗಳೂ ಇದ್ದವು. ಹೇಳಿದ ದಿನಕ್ಕಿಂತ 9 ದಿನ ತಡ. ಕಣ್ಣಿನ ತೂತು ಸಣ್ಣದಾಗಿ ನಮ್ಮ ಹುಡುಗನೊಬ್ಬ ತಾಲೀಮಿನಲ್ಲಿ ಮೆಟ್ಟಿಲು ಎಡವಿದ. ಒಳಗೆ ದನಿ ಹೂತುಹೋಗುತ್ತಿತ್ತು. ವಾಪಸ್ ಒಯ್ದಾಗ ಕಣ್ಣು ಅಗಲ ಮಾಡಿ, ಗದ್ದದ ಕೆಳಗೆ ಕತ್ತರಿಸಿಕೊಟ್ಟರು. ಗೊಣಗಲಿಲ್ಲ. ಮಳೆಗಾಲವಾದ್ದರಿಂದ ಮೂರು ತಲೆಗೆ ಬೂಸ್ಟು ಹಿಡಿಯಿತು. ಅದು ನಮ್ಮ ತಪ್ಪು, ಒಲೆಯ ಮೇಲಿನ ಅಟ್ಟದಲ್ಲಿಡಿ ಅಂತ ಅವರು ಮೊದಲೇ ಹೇಳಿದ್ದರು. ಒಂದಕ್ಕೆ 450 ರೂಪಾಯಿ, ಒಟ್ಟು 6,300. ಥರ್ಮೋಕೋಲಿಗೆ ಕೊಟ್ಟಿದ್ದು ಇದಕ್ಕಿಂತ ಜಾಸ್ತಿ.

ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಪ್ರದರ್ಶನ. ಕೊನೆಯ ಅಂಕದಲ್ಲಿ ಪಕ್ಕದಿಂದ ಹಳದಿ ಬೆಳಕು ಬಿದ್ದಾಗ ಹಾಳೆಯ ಗೀರುಗಳೆಲ್ಲ ಹೊಳೆದವು. ಹದಿನಾಲ್ಕೂ ಒಟ್ಟಿಗೆ ನಿಧಾನ ತಲೆ ತಿರುಗಿಸಿದವು. ಈ ಕಡೆ ಬೆರಾಂಜೆ, ಬೆವತ ಮುಖ, ಹರಿದ ದನಿ. ನಾನು ಸೈಡ್‌ವಿಂಗಿನಲ್ಲಿ ನಿಂತು ಅವನನ್ನು ನೋಡಲೇ ಇಲ್ಲ, ತಲೆಗಳನ್ನೇ ನೋಡುತ್ತಿದ್ದೆ. ನಾಟಕ ಮುಗಿದ ಮೇಲೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. “ಸರ್, ಆ ತಲೆ ಹಾಕ್ಕೊಳ್ಳೋಕೆ ನಂಗೂ ಆಸೆ ಆಯ್ತು. ಆಮೇಲೆ ಹೆದರಿಕೆ ಆಯ್ತು” ಅಂದಳು.

ನಾಟಕಕ್ಕೆ ಮುಖವಾಡ ಬೇಕಾದವರು ಧೈರ್ಯವಾಗಿ ಇವರ ಹತ್ತಿರ ಹೋಗಿ. ಹಾಳೆ ಬೀಳುವ ಬೇಸಿಗೆಯಲ್ಲೇ ಹೇಳಿಡಿ, ನಟರ ತಲೆಯ ಅಳತೆ ತಗೊಂಡು ಹೋಗಿ. ಸುಮ್ನೆ ಚಿತ್ರ ತೋರಿಸಿ ಬರಬೇಡಿ, ಕೂತು ಪೂರ್ತಿ ಕಥೆ ಹೇಳಿ.